ಮೂರನೇ ನೀರು

ಆ ಊರಿನಲ್ಲಿ ಕಣ್ಣಿನ ಸಾಕ್ಷಿ ನಡೆಯುತ್ತಿರಲಿಲ್ಲ. ಕಿವಿಯ ಸಾಕ್ಷಿ ಮಾತ್ರ ನಡೆಯುತ್ತಿತ್ತು.

ಕಾರಣವಿತ್ತು. ಒಂದು ಮಧ್ಯಾಹ್ನ ಊರಿನ ಕಾಳುಪೇಟೆಗೆ ಬೆಂಕಿ ಬಿತ್ತು. ಬಿದ್ದದ್ದಲ್ಲ, ಇಟ್ಟದ್ದು. ಹತ್ತೊಂಬತ್ತು ಜನ ಸತ್ತರು. ಇಟ್ಟವರು ಯಾರು ಎಂದಾಗ ನೋಡಿದವರೆಲ್ಲ ಬಾಯಿಬಿಟ್ಟರು. ಒಬ್ಬ ಕೆಂಪು ಪೇಟ ಎಂದ. ಇನ್ನೊಬ್ಬ ಬೋಳುತಲೆ ಎಂದ. ಮೂವರು ಎಂದರು, ಮೂವತ್ತು ಎಂದರು. ಒಬ್ಬಳು ಕುದುರೆ ನೋಡಿದ್ದಳು. ಊರಿನಲ್ಲಿ ಕುದುರೆಯೇ ಇರಲಿಲ್ಲ.

ಕೋಟೆಯ ಯಜಮಾನನ ಹೆಂಡತಿ ಆ ಹತ್ತೊಂಬತ್ತರಲ್ಲಿ ಒಬ್ಬಳು. ಅವನು ಹಲವು ದಿನ ಮಾತಾಡಲಿಲ್ಲ. ಮಾತಾಡಿದ ದಿನ ಕಟ್ಟಳೆ ಮಾಡಿದ. ಯಾರ ಮೇಲೆ ಅನುಮಾನವೋ ಅವರ ಮನೆಯ ಗೋಡೆಗೆ ಒಂದು ಕಂಡಿ. ಅಂಗೈಯಗಲ. ಕಂಡಿಯ ಹೊರಗೆ ಒಂದು ಮಣೆ. ಮಣೆಯ ಮೇಲೆ ಒಬ್ಬ ಕೇಳುಗ. ಜನ ಅದನ್ನು ಕಿವಿಗಂಡಿ ಎಂದು ಕರೆದರು.

ಕೇಳುಗನಿಗೆ ಮೂರು ಮಾತು ಹೇಳಿದ್ದರು. ಕೇಳಿದ್ದನ್ನು ಬರೆ. ಅರ್ಥವನ್ನು ಬರೆಯಬೇಡ. ನಗುವನ್ನು ಬರೆಯಬೇಡ.

ಬರೆದ ಕಾಗದ ಕೋಟೆಗೆ ಹೋಗುತ್ತಿತ್ತು. ಅಲ್ಲಿ ಓದುಗನಿದ್ದ. ಅವನನ್ನು ಹೊಳೆಯಾಚೆಯಿಂದ ಕರೆಸಿದ್ದರು. ಊರಿನಲ್ಲಿ ಅವನಿಗೆ ನೆಂಟರಿಲ್ಲ, ಹಗೆಗಳಿಲ್ಲ. ಭಾಷೆಯನ್ನು ನಿಘಂಟಿನಿಂದ ಕಲಿತಿದ್ದ. ಚೆನ್ನಾಗಿಯೇ ಕಲಿತಿದ್ದ. ಅವನು ಕಾಗದ ಓದಿ ತನ್ನ ಮಾತಿನಲ್ಲಿ ಸಾರ ಹೇಳುವನು. ಯಜಮಾನ ಸಾರ ಕೇಳಿ ತೀರ್ಪು ಕೊಡುವನು. ಕಾಗದವನ್ನು ಯಜಮಾನ ಮುಟ್ಟುವಂತಿಲ್ಲ. ಇದನ್ನು ಅವನೇ ಬರೆಸಿದ್ದ. ತನ್ನ ಸಿಟ್ಟಿನ ಕೈಗೆ ಯಾರ ಮಾತೂ ಸಿಗಬಾರದು ಎಂದು.

ತೀರ್ಪಿನ ದಿನ ಅನುಮಾನದವರ ಬಾಯಿಗೆ ಬಿಳಿ ಬಟ್ಟೆ ಕಟ್ಟುತ್ತಿದ್ದರು. ಕಂಡಿಯಲ್ಲಿ ಬಿದ್ದ ಮಾತೇ ಮಾತು, ಅಂಗಳದಲ್ಲಿ ಆಡುವುದು ನಾಟಕ ಎಂದು ಊರು ನಂಬಿತ್ತು. ಶಿಕ್ಷೆ ಒಂದೇ. ಮನೆಮಂದಿಯೆಲ್ಲ ಕಲ್ಲುಬಾಗಿಲು ದಾಟಿ ಉಪ್ಪಿನ ಬಯಲಿಗೆ ಹೋಗಬೇಕು. ಹೋದವರು ತಿರುಗಿ ಬಂದಿರಲಿಲ್ಲ.

ಮೊದಲ ವರ್ಷವೇ ಗಾಣದ ಮನೆಯ ಕಂಡಿಯಲ್ಲಿ ಮೂವರ ಮಾತು ಬಿತ್ತು. ಸೇತುವೆಯ ಕಂಬಕ್ಕೆ ಮದ್ದು ಇಡುವ ಮಾತು. ಹಿಡಿದರು. ಮದ್ದು ಸಿಕ್ಕಿತು. ಸೇತುವೆ ಉಳಿಯಿತು. ಇದನ್ನು ಬಿಟ್ಟು ಕಥೆ ಹೇಳಿದರೆ ಅದು ಸುಳ್ಳು ಕಥೆ.

ಆಮೇಲೆ ಕಂಡಿಗಳು ಬೆಳೆದವು. ಮೂರಿದ್ದದ್ದು ಮೂವತ್ತಾಯಿತು. ಪಕ್ಕದ ಮನೆಗೆ ಕಂಡಿ ಯಾಕೆ ಎಂದು ಕೇಳಿದವನ ಮನೆಗೂ ಕಂಡಿ ಬಂತು. ಜನ ಕೇಳುವುದನ್ನು ಬಿಟ್ಟರು.

ಮೂವತ್ತೊಂದನೆಯದು ಬಳೆಗಾರ್ತಿಯ ಮನೆಗೆ. ಅವಳ ಗಂಡ ಪೇಟೆ ಸುಟ್ಟ ಹಿಂದಿನ ದಿನ ಬಳೆಯ ಮಲಾರ ಹೊತ್ತು ಊರು ಬಿಟ್ಟವನು, ಬಂದಿರಲಿಲ್ಲ. ಬದುಕಿದ್ದನೋ, ಸತ್ತಿದ್ದನೋ, ಬೆಂಕಿ ಇಟ್ಟವರ ಜೊತೆ ಇದ್ದನೋ. ಯಾರಿಗೂ ಗೊತ್ತಿರಲಿಲ್ಲ. ಅನುಮಾನ ಬಂದದ್ದು ತಪ್ಪಲ್ಲ.

ಮನೆಯಲ್ಲಿ ಮೂವರು. ಬಳೆಗಾರ್ತಿ, ಮಂಡಿ ಹಿಡಿದು ಕೂತಲ್ಲೇ ಕೂತ ಅತ್ತೆ, ಆರು ವರ್ಷದ ಹೆಣ್ಣುಮಗು.

ಆ ಮನೆಗೆ ಬಂದ ಕೇಳುಗ ಮುದುಕ. ಮೊದಲು ಕಾಳುಪೇಟೆಯಲ್ಲಿ ತೂಗುವವನಾಗಿದ್ದ. ಅವನ ತಕ್ಕಡಿಯ ಮುಳ್ಳು ಯಾರ ಕಡೆಗೂ ಬಾಗಿರಲಿಲ್ಲ. ಮಾತು ಕಡಿಮೆ. ಅಕ್ಷರ ದುಂಡಗೆ.

ಅವನು ಮಣೆಯ ಮೇಲೆ ಕೂತ ಮೊದಲ ದಿನವೇ ಕಂಡಿಯಲ್ಲಿ ಒಂದು ಕಣ್ಣು ಕಾಣಿಸಿತು.

"ಏನಜ್ಜಾ, ನೀನಾ? ಪೇಟೇಲಿ ರಾಗಿ ತೂಗ್ತಿದ್ದೋನು, ಈಗ ನನ್ನ ಮಾತು ತೂಗೋಕೆ ಬಂದ್ಯಾ?"

ಕೇಳುಗ ಬರೆದ. ಉತ್ತರ ಕೊಡುವಂತಿಲ್ಲ.

"ಬರಕೋ. ಇವತ್ತು ಸಾರಿಗೆ ಉಪ್ಪು ಕಮ್ಮಿ."

ಬರೆದ.

"ನಮ್ಮತ್ತೆ ಗೊರಕೆ ಹೊಡೆದ್ರೆ ಅದನ್ನೂ ಬರೀತೀಯಾ?"

ಒಳಗಿನಿಂದ ಅತ್ತೆಯ ದನಿ ಬಂತು. "ನಾನ್ಯಾವಾಗ ಹೊಡೆದ್ನೇ ಗೊರಕೆ? ಹೊಡೀತಿದ್ದೋನು ನಿನ್ನ ಗಂಡ. ಅವನಿಲ್ಲ, ನಿನಗೆ ನಿದ್ದೆ ಬರ್ತಿಲ್ಲ."

ಇಬ್ಬರೂ ನಕ್ಕರು. ಮಗುವೂ ನಕ್ಕಿತು. ಮಾತನ್ನು ಬರೆದ. ನಗುವನ್ನು ಬರೆಯಲಿಲ್ಲ.

ಹೀಗೆ ಎರಡು ತಿಂಗಳು. ಹೊತ್ತು ಹುಟ್ಟುವಾಗ ಬರುವನು, ದೀಪ ಹಚ್ಚಿ ಊಟವಾದ ಮೇಲೆ ಏಳುವನು. ಒಂದಕ್ಷರ ಬಿಡಲಿಲ್ಲ, ಒಂದಕ್ಷರ ಸೇರಿಸಲಿಲ್ಲ. ಬಳೆಗಾರ್ತಿ ಒಮ್ಮೊಮ್ಮೆ ಕಂಡಿಯಲ್ಲಿ ಮಜ್ಜಿಗೆಯ ಲೋಟ ಇಡುವಳು. ಕುಡಿಯುವಂತಿಲ್ಲ. ಕುಡಿಯಲಿಲ್ಲ. ಲೋಟ ಹಾಗೇ ಬಿಸಿಯಾಗುತ್ತಿತ್ತು.

"ಕುಡಿಯೋ ಮುದುಕ. ವಿಷ ಹಾಕಿಲ್ಲ. ಹಾಕಿದ್ರೆ ಅತ್ತೆಗೆ ಮೊದಲು ಕೊಡ್ತಿದ್ದೆ."

ಬರೆದ.

ಒಂದು ಬೆಳಗ್ಗೆ ಒಳಗಿನ ದನಿ ಇಳಿದಿತ್ತು.

"ಅತ್ತೇ, ಅಮ್ಮ ಬಂದಿದ್ದಾಳೆ."

"ಯಾವಾಗ?"

"ಈಗ ನೋಡ್ದೆ."

"ಯಾರನ್ನೂ ಒಳಕ್ಕೆ ಬಿಡಬೇಡ. ಬಾಗಿಲಿಗೆ ಬೇವು ಕಟ್ಟು. ಯಾರಿಗೂ ಕೇಳದ ಹಾಗೆ ಮೆತ್ತಗೆ ಮಾತಾಡು."

ಕೇಳುಗನ ಲೇಖನಿ ಒಂದು ಗಳಿಗೆ ನಿಂತಿತು. ಮಗುವಿಗೆ ಸಿಡುಬು ಎದ್ದಿದೆ ಎಂದು ಅವನಿಗೆ ತಿಳಿಯಿತು. ಆ ಊರಿನಲ್ಲಿ ಯಾರಿಗೆ ತಿಳಿಯುವುದಿಲ್ಲ? ಅಮ್ಮ ಮನೆಗೆ ಬಂದ ಮೇಲೆ ಅದನ್ನು ಕಾಯಿಲೆ ಎನ್ನುವಂತಿಲ್ಲ. ಜ್ವರ ಎನ್ನುವಂತಿಲ್ಲ. ಗುಳ್ಳೆಯನ್ನು ಮುತ್ತು ಎನ್ನಬೇಕು. ಬಂದವಳು ಅತಿಥಿ. ಅತಿಥಿಯ ಹಾಗೆ ನೋಡಿಕೊಂಡು, ಮೂರು ಸಲ ನೀರು ಹಾಕಿ, ಮರ್ಯಾದೆಯಿಂದ ಕಳಿಸಬೇಕು.

ತಿಳಿದದ್ದನ್ನು ಬರೆಯುವಂತಿಲ್ಲ. ಕೇಳಿದ್ದನ್ನು ಬರೆದ.

ಮೂರನೆಯ ದಿನ: "ಮುತ್ತು ಹೆಚ್ಚಿದಾವೆ ಅತ್ತೆ. ಬೆನ್ನ ಮೇಲೆ ಜಾಸ್ತಿ." ಬರೆದ.

ಐದನೆಯ ದಿನ: "ಮೊದಲನೇ ನೀರಾಯ್ತು." ಬರೆದ.

ಏಳನೆಯ ದಿನ: "ಎರಡನೇದೂ ಆಯ್ತು. ಮೂರನೇ ನೀರಿಗೆ ಹೋಗ್ತಾಳೆ. ಒಂಬತ್ತನೇ ದಿನ, ಹೊತ್ತು ನೆತ್ತಿಗೆ ಬರೋದರೊಳಗೆ." ಬರೆದ.

"ತಪ್ಪಿಸಬೇಡ ಕಣೇ. ಮೂರನೇ ನೀರು ತಪ್ಪಿದ್ರೆ ಉಳಿಯಲ್ಲ."

"ತಪ್ಪಿಸಲ್ಲ ಅತ್ತೆ. ದೀಪ ದೊಡ್ಡದು ಮಾಡ್ತೀನಿ, ಮಲಕ್ಕೊಳ್ಳಿ."

ಎಂದು ದೀಪ ಆರಿಸಿದಳು. ಆ ಊರಿನಲ್ಲಿ ದೀಪ ಆರಿಸು ಎಂದು ಯಾರೂ ಹೇಳುವುದಿಲ್ಲ. ದೊಡ್ಡದು ಮಾಡು ಎನ್ನುತ್ತಾರೆ. ಆರಿಸಿದ್ದನ್ನು ಕೇಳುಗ ಕಂಡಿಯಲ್ಲಿ ನೋಡಿದ. ನೋಡಿದ್ದು ಸಾಕ್ಷಿಯಲ್ಲ. ದೊಡ್ಡದು ಮಾಡ್ತೀನಿ ಎಂದಳು ಎಂದು ಬರೆದ.

ಕಾಗದ ಕೋಟೆಗೆ ಹೋಯಿತು.

ಓದುಗ ಓದಿದ. ನಿಘಂಟು ತೆರೆದ. ಮತ್ತೆ ಓದಿದ. ಕಾವಲಿನವರಿಗೆ ಹೇಳಿ ಕಳಿಸಿದ. ಅವನು ಕೆಟ್ಟವನಲ್ಲ. ಊರನ್ನು ಉಳಿಸಬೇಕು ಎಂದೇ ಬಂದವನು.

ಒಂಬತ್ತನೆಯ ಬೆಳಗ್ಗೆ ಬಳೆಗಾರ್ತಿ ಬೇವಿನ ಮರದ ಕೆಳಗೆ ಎಲೆ ಕೊಯ್ಯುತ್ತಿದ್ದಳು. ಕಾವಲಿನವರು ಹಿಡಿದರು. ಅವಳು ಬಾಯಿ ತೆರೆಯುವ ಮೊದಲೇ ಬಿಳಿ ಬಟ್ಟೆ ಕಟ್ಟಿದರು. ಇನ್ನು ನಲವತ್ತು ಜನ ಈಟಿ ಹಿಡಿದು ಅವಳ ಮನೆಯ ಸುತ್ತ ನಿಂತರು. ಒಳಗೆ ಹೋಗಲಿಲ್ಲ. ತೀರ್ಪಿಗೆ ಮೊದಲು ಒಳಗೆ ಕಾಲಿಟ್ಟರೆ ಕಣ್ಣು ಕಿವಿಯನ್ನು ಕೆಡಿಸುತ್ತದೆ.

ಕೋಟೆಯ ಅಂಗಳದಲ್ಲಿ ಊರು ನೆರೆಯಿತು. "ನಡೀಯಮ್ಮ" ಎಂದ ಒಬ್ಬ ಕಾವಲಿನವನು, ಅಭ್ಯಾಸಬಲದಿಂದ. ಓದುಗ ತಿರುಗಿ ಅವನನ್ನು ನೋಡಿದ. ಅವನ ಹೆಸರನ್ನೂ ಬರೆದುಕೊಂಡ.

ಯಜಮಾನ ಕಲ್ಲಿನ ಪೀಠದ ಮೇಲೆ ಕೂತಿದ್ದ. ಕೇಳುಗನನ್ನು ಕರೆದರು.

"ಈ ಕಾಗದ ನಿನ್ನದೇ?"

"ಹೌದು."

"ಅಕ್ಷರ ತಪ್ಪಿದೆಯೇ?"

"ಇಲ್ಲ."

ಅಷ್ಟು ಸಾಕು. ಕೇಳುಗರು ಅಷ್ಟು ಹೇಳಿ ಹೊರಗೆ ಹೋಗುವುದು ವಾಡಿಕೆ. ಮುದುಕನ ಕಾಲು ಆ ದಿನ ನಿಧಾನ. ಅವನು ಬಾಗಿಲು ಮುಟ್ಟುವ ಮೊದಲೇ ಓದುಗ ಸಾರ ಹೇಳತೊಡಗಿದ.

"ಬಳೆಗಾರ್ತಿಯ ಮನೆಯಲ್ಲಿ ಒಬ್ಬ ನಾಯಕಿ ಅಡಗಿದ್ದಾಳೆ. ಬಂದು ಒಂಬತ್ತು ದಿನವಾಯಿತು. ಯಾರನ್ನೂ ಒಳಗೆ ಬಿಡುತ್ತಿಲ್ಲ. ಬಾಗಿಲಿಗೆ ಗುರುತು ಕಟ್ಟಿದ್ದಾರೆ. ಬೆನ್ನ ಮೇಲೆ ಹೊತ್ತು ಗುಂಡುಗಳನ್ನು ತಂದಿದ್ದಾರೆ. ದಿನದಿನಕ್ಕೂ ಹೆಚ್ಚುತ್ತಿವೆ. ಎರಡು ಕೆರೆಗಳ ಕೆಲಸ ಮುಗಿದಿದೆ. ಇಂದು ಮಧ್ಯಾಹ್ನದೊಳಗೆ ಮೂರನೆಯ ಕೆರೆಯ ಏರಿ. ಅದು ತಪ್ಪಿದರೆ ತಾವು ಉಳಿಯುವುದಿಲ್ಲ ಎಂದು ಮಾತಾಡಿಕೊಂಡಿದ್ದಾರೆ. ಬೆಂಕಿಯನ್ನು ದೊಡ್ಡದು ಮಾಡುತ್ತಾರಂತೆ."

ಅಂಗಳ ಹಿಂದಕ್ಕೆ ಸರಿಯಿತು. ಊರಿಗಿದ್ದ ಮೂರು ಕೆರೆಗಳಲ್ಲಿ ಮೂರನೆಯದು ಊರಿನ ನೆತ್ತಿಯ ಮೇಲಿತ್ತು. ಏರಿ ಒಡೆದರೆ ಊರಿಲ್ಲ. ತಾಯಂದಿರು ಮಕ್ಕಳನ್ನು ಎತ್ತಿಕೊಂಡರು. "ಬಾಗಿಲಿಗೆ ಬೇವು ನೋಡಿದ್ದೆ ಕಣೇ, ನಾನು ಬೇರೆ ಅಂದ್ಕೊಂಡಿದ್ದೆ" ಎಂದಳು ಒಬ್ಬಳು. "ನೋಡಿದ್ದು ಬಿಡೇ" ಎಂದಳು ಪಕ್ಕದವಳು.

ಬಳೆಗಾರ್ತಿ ಬಟ್ಟೆಯೊಳಗೆ ಕೂಗುತ್ತಿದ್ದಳು. ಕೂಗು ಮಾತಾಗಲಿಲ್ಲ. ಅವಳು ಮತ್ತೆ ಮತ್ತೆ ಸೂರ್ಯನನ್ನು ನೋಡುತ್ತಿದ್ದಳು. ಓದುಗ ಅದನ್ನೂ ಗಮನಿಸಿದ.

ಯಜಮಾನ ಎದ್ದ. ಕಲ್ಲುಬಾಗಿಲಿನ ಬೀಗದಕೈ ಕೈಗೆ ತೆಗೆದುಕೊಂಡ.

"ನಿಲ್ಲಿ" ಎಂದ ಕೇಳುಗ.

ಜನ ತಿರುಗಿದರು. ಆ ಮುದುಕನ ಬಾಯಿಂದ ಹೌದು ಇಲ್ಲ ಬಿಟ್ಟು ಮೂರನೆಯ ಮಾತು ಕೇಳಿ ವರ್ಷಗಳಾಗಿದ್ದವು.

"ನಿನ್ನ ಕೆಲಸ ಮುಗಿಯಿತು" ಎಂದ ಓದುಗ.

"ಮುಗಿದಿಲ್ಲ. ಗುಂಡು ಅಂತ ನಾನು ಎಲ್ಲಿ ಬರೆದೆ?"

"ನೀನು ಮುತ್ತು ಎಂದು ಬರೆದೆ. ಆ ಬಡವರ ಮನೆಗೆ ಮುತ್ತು ಎಲ್ಲಿಂದ ಬರಬೇಕು? ಅದು ಸಂಕೇತ. ದುಂಡಗಿರುವುದು, ಬೆನ್ನ ಮೇಲೆ ಬರುವುದು, ಗುಂಡು."

ಯಜಮಾನನ ಕೈ ನಿಂತಿತು. "ಏನಂದೆ? ಮುತ್ತು?"

"ಸಾರ ಹೇಳಿದ್ದೇನೆ" ಎಂದ ಓದುಗ. "ಕಾಗದದ ಮಾತು ನೀವು ಕೇಳುವಂತಿಲ್ಲ. ಕಟ್ಟಳೆ ಮುರಿಯುತ್ತದೆ."

"ಮುರೀಲಿ" ಎಂದ ಕೇಳುಗ.

ಅವನಿಗೆ ಕಾಗದ ಬೇಕಿರಲಿಲ್ಲ. ಅಂಗಳದ ನಡುವೆ ನಿಂತ. ಬಳೆಗಾರ್ತಿಯ ದನಿಯಲ್ಲಿ ಹೇಳಿದ: "ಅತ್ತೇ, ಅಮ್ಮ ಬಂದಿದ್ದಾಳೆ." ಅತ್ತೆಯ ದನಿಯಲ್ಲಿ ಹೇಳಿದ: "ಯಾರನ್ನೂ ಒಳಕ್ಕೆ ಬಿಡಬೇಡ. ಬಾಗಿಲಿಗೆ ಬೇವು ಕಟ್ಟು." ಮುತ್ತು ಹೇಳಿದ. ಬೆನ್ನು ಹೇಳಿದ. ಒಂದು ನೀರು, ಎರಡು ನೀರು, ಮೂರನೇ ನೀರು ಹೇಳಿದ. ದೀಪ ದೊಡ್ಡದು ಮಾಡ್ತೀನಿ, ಮಲಕ್ಕೊಳ್ಳಿ ಎಂದ. ಮುದುಕನ ಗಂಟಲಿನಲ್ಲಿ ಇಬ್ಬರು ಹೆಂಗಸರು ಮಾತಾಡಿದರು. ಅವರಿಗಿದ್ದ ಅಂಜಿಕೆಯೂ ಅವನ ದನಿಯಲ್ಲಿತ್ತು.

ಮೊದಲು ನಕ್ಕವಳು ಒಬ್ಬ ಹಲ್ಲಿಲ್ಲದ ಮುದುಕಿ. ಆಮೇಲೆ ಅಂಗಳ ನಕ್ಕಿತು. ಕಾವಲಿನವರು ಈಟಿಗೆ ಒರಗಿ ನಕ್ಕರು.

"ಯಾಕೆ ನಗುತ್ತಾರೆ?" ಎಂದ ಓದುಗ. ಅವನು ನಿಜವಾಗಿಯೂ ಕೇಳಿದ.

ಯಜಮಾನ ನಗಲಿಲ್ಲ. "ಓದುಗರೇ, ಅಮ್ಮ ಅಂದರೆ ಏನು ಬರೆದಿದೆ ನಿಮ್ಮ ಪುಸ್ತಕದಲ್ಲಿ?"

"ತಾಯಿ. ಒಡತಿ. ನಾನು ವಿಚಾರಿಸಿದ್ದೇನೆ. ಬಳೆಗಾರ್ತಿಯ ತಾಯಿ ಸತ್ತು ಏಳು ವರ್ಷ. ಅತ್ತೆಯ ತಾಯಿಯೂ ಇಲ್ಲ. ಹಾಗಾದರೆ ಬಂದವಳು ಯಾರು?"

ಮತ್ತೆ ನಗು.

"ಮಗುವಿಗೆ ಸಿಡುಬು" ಎಂದ ಯಜಮಾನ.

"ಇರಲಾರದು. ಒಂಬತ್ತು ದಿನದ ಮಾತಿನಲ್ಲಿ ಕಾಯಿಲೆ ಎಂಬ ಪದ ಒಂದು ಸಲವೂ ಇಲ್ಲ. ಜ್ವರ ಇಲ್ಲ. ನೋವು ಇಲ್ಲ. ಕಾಯಿಲೆಯ ಮನೆಯಲ್ಲಿ ಆ ಪದವೇ ಇಲ್ಲದಿರುತ್ತದೆಯೇ?"

"ಇರೋದಿಲ್ಲ. ಅವಳು ಮನೆಯಲ್ಲಿದ್ದಾಗ ಹಾಗೆ ಅನ್ನಬಾರದು."

ಓದುಗ ನಿಘಂಟಿನ ಹಾಳೆ ತಿರುವಿದ. ಹಿಂದಕ್ಕೆ ತಿರುವಿದ. ಮುಚ್ಚಿದ.

"ಇದು ಇದರಲ್ಲಿ ಇಲ್ಲ" ಎಂದ.

ಯಜಮಾನ ಕೇಳುಗನ ಕಡೆ ತಿರುಗಿದ. "ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಬರೆಯಲಿಲ್ಲ."

"ಬರೀಬೇಡ ಅಂದಿದ್ರಿ. ಬರೀಲಿಲ್ಲ. ತಪ್ಪು ನಿಮ್ಮದು ಅರ್ಧ, ನನ್ನದು ಅರ್ಧ."

"ಇವಳಿಗೆ ಮೊದಲು ಕಲ್ಲುಬಾಗಿಲು ದಾಟಿ ಹೋದರಲ್ಲ, ಅವರ ಕಾಗದದಲ್ಲಿ ಏನಿತ್ತು?"

ಈಗ ಯಾರೂ ನಗಲಿಲ್ಲ. ಯಜಮಾನ ಬೀಗದಕೈಯನ್ನು ಕಾವಲಿನವನಿಗೆ ಕೊಟ್ಟ. "ಬಾಗಿಲು ತೆಗೆಯಿರಿ. ನೀರು ತೆಗೆದುಕೊಂಡು ಹೋಗಿ. ಬಯಲಿನಲ್ಲಿ ಉಳಿದವರನ್ನು ಹುಡುಕಿ ಕರೆತನ್ನಿ." ಆಮೇಲೆ ತಾನೇ ಇಳಿದು ಬಂದು ಬಳೆಗಾರ್ತಿಯ ಬಾಯಿಯ ಬಟ್ಟೆ ಬಿಚ್ಚಿದ.

ಅವಳು ಅಳಲಿಲ್ಲ. ಕೈಮುಗಿಯಲಿಲ್ಲ. "ಹೊತ್ತು ಎಷ್ಟಾಯ್ತು?" ಎಂದಳು.

"ನೆತ್ತಿಗೆ ಬರಲು ಇನ್ನೂ ಸ್ವಲ್ಪ ಇದೆ. ಹೋಗು ತಾಯಿ."

"ಹಾಗೇ ಹೋಗಲ್ಲ. ನನ್ನ ಮಾತು ಕೊಡಿ."

"ಯಾವ ಮಾತು?"

"ಆ ಕಾಗದ. ನನ್ನ ಬಾಯಿಂದ ಬಿದ್ದದ್ದು, ನಮ್ಮತ್ತೆ ಬಾಯಿಂದ ಬಿದ್ದದ್ದು. ನಮ್ಮದು."

ಯಜಮಾನ ಕಾಗದದ ಕಟ್ಟಿನ ಕಡೆ ನೋಡಿದ. "ನೋಡು. ಈ ಕಂಡಿಗಳಿಂದಲೇ ಸೇತುವೆ ಉಳಿಯಿತು. ಎಲ್ಲ ಮುಚ್ಚಿಸಿ, ನಾಳೆ ಇನ್ನೊಂದು ಪೇಟೆ ಸುಟ್ಟರೆ ನೀನು ಬರ್ತೀಯಾ ಹೆಣ ಎತ್ತೋಕೆ?"

"ಬರ್ತೀನಿ. ಹೋದ ಸಲಾನೂ ಬಂದಿದ್ದೆ. ನಿಮ್ಮ ಹೆಂಡತಿ ಕೈಯಿಂದ ಬಳೆ ತೆಗೆದೋಳು ನಾನೇ." ಅವಳ ದನಿ ಏರಲಿಲ್ಲ. "ಎಲ್ಲ ಮುಚ್ಚಿ ಅಂದ್ನಾ ನಾನು? ಬಾಯಿಗೆ ಬಟ್ಟೆ ಕಟ್ಟಬೇಡಿ ಅಂತೀನಿ. ನಂದೇ ಮಾತು, ನನ್ನ ಮುಂದೆ ಓದಿ. ಇದೇನೇ ಅಂತ ಕೇಳಿ. ಮದ್ದು ಇಡೋನು ತಡವರಿಸ್ತಾನೆ. ನಾನು ಬೈತೀನಿ. ವ್ಯತ್ಯಾಸ ಗೊತ್ತಾಗಲ್ವಾ?"

"ನಿನ್ನ ಗಂಡ ಎಲ್ಲಿ? ಅದನ್ನಾದರೂ ಹೇಳು."

"ಗೊತ್ತಿದ್ರೆ ನಿಮಗಿಂತ ಮೊದಲು ನಾನು ಕಿವಿ ಹಿಡಿದು ಎಳ್ಕೊಂಡು ಬರ್ತಿದ್ದೆ."

ಅಂಗಳ ನಕ್ಕಿತು. ಯಜಮಾನನಿಗೂ ನಗು ಬಂತು. ತಡೆಯಲು ನೋಡಿದ. ಆಗಲಿಲ್ಲ.

ಕಟ್ಟಳೆ ಆ ದಿನವೇ ಬದಲಾಯಿತು. ಯಾರ ಮಾತೋ ಅವರ ಮುಂದೆ, ಊರಿನ ಮುಂದೆ ಓದಬೇಕು. ಬಾಯಿ ಬಿಚ್ಚಿರಬೇಕು. ಕೇಳಿದವನು ತನಗೆ ತಿಳಿದದ್ದನ್ನೂ ಹೇಳಬೇಕು. ತಪ್ಪಿಲ್ಲದವರ ಕಾಗದ ಅವರ ಕೈಗೆ, ಅವರ ಕಂಡಿಗೆ ಮಣ್ಣು. ಆ ವಾರ, ಕಂಡಿಯಿದ್ದು ಜನವೂ ಉಳಿದಿದ್ದ ಮನೆಗಳ ಕಾಗದ ಓದಿದರು. ಒಂದು ಬಿಟ್ಟು ಎಲ್ಲಕ್ಕೂ ಜನ ನಕ್ಕರು, ಇಲ್ಲವೆ ನಾಚಿದರು. ಆ ಒಂದನ್ನು ಓದಿದಾಗ ಯಾರೂ ನಗಲಿಲ್ಲ. ಆ ಮನೆಯವನು ತಡವರಿಸಿದ. ಅವನಿಗೆ ಆಗಬೇಕಾದದ್ದು ಆಯಿತು. ಓದುಗ ಊರಿನಲ್ಲೇ ಉಳಿದ. ಮುದುಕಿಯರ ಜಗುಲಿಯಲ್ಲಿ ಕೂತು ನಿಘಂಟಿನ ಅಂಚಿನಲ್ಲಿ ಬರೆಯತೊಡಗಿದ. ಅಂಚು ಸಾಲದೆ ಹಾಳೆ ಹೊಲಿಸಿದ.

ಅದೆಲ್ಲ ಆಮೇಲಿನ ಮಾತು. ಆ ದಿನ ಬಳೆಗಾರ್ತಿ ಕಾಗದದ ಕಟ್ಟು ಕಂಕುಳಲ್ಲಿ ಇಟ್ಟುಕೊಂಡು ಓಡಿದಳು. ಕೇಳುಗ ಮರದಡಿ ಚೆಲ್ಲಿದ್ದ ಬೇವಿನ ಎಲೆ ಎತ್ತಿಕೊಂಡು ಅವಳ ಹಿಂದೆ ನಡೆದ.

ಮನೆಯ ಸುತ್ತ ಈಟಿಯವರು ಹಾಗೇ ನಿಂತಿದ್ದರು. ನಾಯಕಿ ಹೊರಬರುವಳೆಂದು ಬಾಗಿಲಿಗೇ ಕಣ್ಣಿಟ್ಟಿದ್ದರು. ಅವಳು ಅವರ ನಡುವೆ ತಲೆ ತಗ್ಗಿಸದೆ ನುಗ್ಗಿ ಒಳಗೆ ಹೋದಳು.

ಬೆಳಗ್ಗೆಯೇ ಬಿಸಿಲಿಗೆ ಇಡಬೇಕಾದ ನೀರು ನೆರಳಲ್ಲೇ ಇತ್ತು. ಅತ್ತೆಗೆ ಕೊಡ ಎತ್ತಲಾಗದು. ಅಕ್ಕಪಕ್ಕದವರು ಕಂಡಿಯ ಮನೆಗೆ ಬರುವವರಲ್ಲ. ನೀರು ತಣ್ಣಗಿತ್ತು. ಸೌದೆ ಹಸಿಯಾಗಿತ್ತು. ಮಗು ಬಾಳೆಲೆಯ ಮೇಲೆ ಮಲಗಿ ಕಣ್ಣು ಬಿಟ್ಟುಕೊಂಡಿತ್ತು.

"ಬಂದ್ಯೇನೇ?" ಎಂದಳು ಅತ್ತೆ. "ಹೊತ್ತು ನೆತ್ತಿಗೆ ಬರ್ತಾ ಇದೆ. ಏನು ಉರಿಸ್ತೀಯಾ?"

ಬಳೆಗಾರ್ತಿ ಕಟ್ಟು ಬಿಚ್ಚಿದಳು. ಎರಡು ತಿಂಗಳ ಮಾತು. ಒಂದು ಹಿಡಿ ಒಲೆಗೆ ತುರುಕಿದಳು. ಹೊತ್ತಿಕೊಂಡಿತು. ಇನ್ನೊಂದು ಹಿಡಿ. ಮತ್ತೊಂದು. ದುಂಡನೆಯ ಅಕ್ಷರಗಳು ಸುರುಳಿಯಾಗಿ ಕಪ್ಪಾದವು. ಹಸಿ ಸೌದೆ ಹಿಡಿಯಿತು. ಕೊಡದ ನೀರು ಬೆಚ್ಚಗಾಯಿತು. ಕೇಳುಗ ಹೊಸ್ತಿಲಾಚೆಯಿಂದ ಎಲೆ ನೀಡಿದ. ಅವಳು ತೊಳೆದು ನೀರಿಗೆ ಹಾಕಿದಳು.

ಹೊತ್ತು ನೆತ್ತಿಗೆ ಬರಲು ಒಂದು ಗಳಿಗೆ ಉಳಿದಿತ್ತು. ಅವಳು ಮಗುವನ್ನು ಬಚ್ಚಲಿನಲ್ಲಿ ಕೂರಿಸಿದಳು. ಮೊದಲ ತಂಬಿಗೆ ತಲೆಗೆ. ಎರಡನೆಯದು ಬೆನ್ನಿಗೆ. ಮೂರನೆಯದು ಮೈಗೆಲ್ಲ. ಮಗು ಕಿರುಚಿತು. ಗಟ್ಟಿಯಾಗಿ ಕಿರುಚಿತು. ಅತ್ತೆ ಕೂತಲ್ಲೇ ಕೈಮುಗಿದಳು.

ಬಳೆಗಾರ್ತಿ ಬೇವಿನೆಲೆ ತೇಲುವ ನೀರಿನ ಕೊಡ ಹೊತ್ತು ಬಾಗಿಲಿಗೆ ಬಂದಳು. ಈಟಿಗಳು ಇನ್ನೂ ಅಡ್ಡ ಇದ್ದವು.

"ದಾರಿ ಬಿಡ್ರೋ" ಎಂದಳು. "ಅಮ್ಮ ಹೊರಟಳು."

ನಲವತ್ತು ಜನರೂ ಆ ಊರಿನವರೇ. ಯಾರೂ ಏನೂ ಕೇಳಲಿಲ್ಲ. ಈಟಿಗಳನ್ನು ನೆಲಕ್ಕೆ ಇಳಿಸಿ, ಚಪ್ಪಲಿ ಬಿಟ್ಟು, ಎರಡು ಕಡೆ ಸರಿದು ನಿಂತರು. ಅವಳು ನೀರು ಚೆಲ್ಲಿದಳು. ನೀರು ಅವರ ನಡುವೆ ಹರಿದು ಬೀದಿಗೆ ಹೋಯಿತು.